ಹೈಸ್ಕೂಲಿನಲ್ಲಿ ಕಲಿತ ಕೆಲಸಕ್ಕೆ ಸರ್ಟಿಫಿಕೇಟ್ ಇದೆ, ಅದಕ್ಕೆ ಬೆಲೆ ಯಾಕಿಲ್ಲ?

ಉದ್ಯಮಬಾಗ್ ಲೇತ್ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಇಲ್ಲಿನ ಫೌಂಡ್ರಿಗಳಿಂದ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಬರುವ ಕಾಸ್ಟಿಂಗ್‌ಗಳನ್ನು ಮಷಿನಿಂಗ್ ಮಾಡಿ ಕೊಡುತ್ತೇವೆ. ಕೆಲಸಗಾರರು ಸಿಗುತ್ತಿಲ್ಲ ಅನ್ನೋದು ನಮ್ಮ ಭಾಗದಲ್ಲಿ ದಿನಾ ಕೇಳೋ ಮಾತು. ಆದರೆ ಇತ್ತೀಚೆಗೆ ನಡೆದ ಒಂದು ವಿಷಯ ನನ್ನನ್ನು ಯೋಚನೆಗೆ ಹಚ್ಚಿದೆ.

ಖಾನಾಪುರ ಕಡೆಯ ಹುಡುಗನೊಬ್ಬ ಹೆಲ್ಪರ್ ಕೆಲಸ ಕೇಳಿಕೊಂಡು ಬಂದ. 18 ತುಂಬಿದೆ. ಪಿಯುಸಿ ಅರ್ಧಕ್ಕೇ ಬಿಟ್ಟಿದ್ದಾನೆ. ಕೈಯಲ್ಲಿ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಅದರ ಜೊತೆ ಲ್ಯಾಮಿನೇಶನ್ ಮಾಡಿಸಿದ ಇನ್ನೊಂದು ಸರ್ಟಿಫಿಕೇಟ್. ಸರ್ಕಾರಿ ಹೈಸ್ಕೂಲಿನಲ್ಲಿ 9 ಮತ್ತು 10ನೇ ತರಗತಿಗೆ ಆಟೊಮೊಬೈಲ್ ವಿಷಯ ಓದಿದ್ದಕ್ಕೆ ಕೊಟ್ಟಿದ್ದಂತೆ. ಅದರಲ್ಲಿ ಕ್ಷೇತ್ರದ ಹೆಸರು, ಲೆವೆಲ್ 2, ಒಂದು ಗ್ರೇಡ್, ಸಹಿ. ಬೇರೆ ಏನೂ ಇಲ್ಲ. "ಲೆವೆಲ್ 2 ಅಂದ್ರೆ ಏನಪಾ?" ಅಂತ ಕೇಳಿದರೆ ಅವನಿಗೂ ಹೇಳಲು ಬರಲಿಲ್ಲ.

ಸರಿ ಅಂತ ಒಂದು ವರ್ನಿಯರ್ (ಸೂಕ್ಷ್ಮವಾಗಿ ಅಳೆಯುವ ಸಾಧನ) ಕೊಟ್ಟು, ಮೇಜಿನ ಮೇಲಿದ್ದ ಬುಷ್, ಅಂದರೆ ಲೋಹದ ಟೊಳ್ಳು ಬಳೆ, ಅಳೆದು ತೋರಿಸು ಅಂದೆ. ಮೊದಲು ದವಡೆ ಮುಚ್ಚಿ ಝೀರೊ ಸರಿ ಇದೆಯಾ ಅಂತ ನೋಡಿದ. ಆಮೇಲೆ ಒಳ ವ್ಯಾಸ, ಹೊರ ವ್ಯಾಸ ಎರಡನ್ನೂ 0.02 ಮಿಲಿಮೀಟರ್ ತನಕ ಸರಿಯಾಗಿ ಓದಿದ. ಯಾರು ಕಲಿಸಿದ್ರು ಅಂತ ಕೇಳಿದೆ. "ಸ್ಕೂಲಲ್ಲೇ ಸರ್" ಅಂದ.

ಅಂದರೆ ಶಾಲೆ ಕಲಿಸಿದೆ, ಹುಡುಗ ಕಲಿತಿದ್ದಾನೆ. ಆ ಕಾಗದದಲ್ಲಿ ಮಾತ್ರ ಅದು ಕಾಣುತ್ತಿಲ್ಲ. ನಾನು ಸುಮ್ನೆ ಮಾತಾಡಿಸಿ ಕಳಿಸಿಬಿಟ್ಟಿದ್ದರೆ ಅವನು ಎಲ್ಲೋ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಇಲ್ಲಿ ಎಷ್ಟೋ ಶಾಪ್‌ಗಳಲ್ಲಿ ಆ ಸರ್ಟಿಫಿಕೇಟನ್ನು ಬಿಚ್ಚಿ ನೋಡೋದೂ ಇಲ್ಲ. ಐಟಿಐ ಆಗಿದೆಯಾ ಅಂತ ಕೇಳುತ್ತಾರೆ. ಇಲ್ಲ ಅಂದರೆ ಮಾತು ಅಲ್ಲಿಗೇ ಮುಗೀತು.

ಇದರ ಬಗ್ಗೆ ಗೊತ್ತಿರೋರು ತಿಳಿಸಿ. ಹೈಸ್ಕೂಲ್ ಮಕ್ಕಳಿಗೆ ಕೊಡುವ ಈ ಸರ್ಟಿಫಿಕೇಟ್‌ಗೆ ನಿಜವಾಗಿ ಏನು ಮಾನ್ಯತೆ ಇದೆ? ನಮ್ಮಂಥ ಸಣ್ಣ ಶಾಪಿನವರು ನಂಬಬಹುದಾದ ಹಾಗೆ ಅದನ್ನು ಮಾಡೋಕೆ ಸಾಧ್ಯ ಇಲ್ವಾ?

ವೃತ್ತಿ ಶಿಕ್ಷಕಿ (ಬಾಗಲಕೋಟೆ ಜಿಲ್ಲೆ)

ಸರ್, ನೀವು ಆ ಹುಡುಗನ ಕೈಗೆ ವರ್ನಿಯರ್ ಕೊಟ್ಟಿರಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್. ನಾನು ಇದೇ ಯೋಜನೆಯಲ್ಲಿ ಪಾಠ ಮಾಡುವವಳು. ಗೊತ್ತಿರೋದನ್ನು ಸ್ವಲ್ಪ ಉದ್ದಕ್ಕೇ ಬರೀತೀನಿ.

ಕೇಂದ್ರ ಸರ್ಕಾರ 2013ರ ಡಿಸೆಂಬರ್ 27ರಂದು ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟು ಅಂತ ಒಂದನ್ನು ಜಾರಿಗೆ ತಂದಿತು. ನಾವೆಲ್ಲ ಎನ್‌ಎಸ್‌ಕ್ಯೂಎಫ್ ಅಂತ ಕರೆಯೋದು ಅದನ್ನೇ. ಕೆಲಸದ ಕಲಿಕೆಯನ್ನು ಅದರಲ್ಲಿ ಹಂತ ಹಂತವಾಗಿ ಜೋಡಿಸಿದ್ದಾರೆ. ಆ ಲೆಕ್ಕದಲ್ಲಿ 9ನೇ ತರಗತಿ ಲೆವೆಲ್ 1, 10ನೇ ತರಗತಿ ಲೆವೆಲ್ 2, ಪಿಯುಸಿಯ ಎರಡು ವರ್ಷ 3 ಮತ್ತು 4. ನಿಮ್ಮ ಹುಡುಗನ ಕಾಗದದಲ್ಲಿದ್ದ ಲೆವೆಲ್ 2 ಅಲ್ಲಿಂದ ಬಂದಿದ್ದು.

ನಮ್ಮ ರಾಜ್ಯದಲ್ಲಿ ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯ ಅಡಿ ಆಯ್ದ ಸರ್ಕಾರಿ ಹೈಸ್ಕೂಲುಗಳಲ್ಲಿ ಇದು ನಡೆಯುತ್ತದೆ. ಮಗು ತೃತೀಯ ಭಾಷೆಯ ಜಾಗದಲ್ಲಿ ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್, ಹೀಗೆ ಶಾಲೆಯಲ್ಲಿ ಇರುವ ಒಂದು ವಿಷಯ ತಗೋಬಹುದು. ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿಯಲ್ಲೂ ತೃತೀಯ ಭಾಷೆಯ ದಿನವೇ ಈ ವಿಷಯಗಳ ಪರೀಕ್ಷೆ. ಪಠ್ಯ ತಯಾರು ಮಾಡೋದು ಭೋಪಾಲದಲ್ಲಿರುವ, ಎನ್‌ಸಿಇಆರ್‌ಟಿಗೆ ಸೇರಿದ ವೃತ್ತಿ ಶಿಕ್ಷಣ ಸಂಸ್ಥೆ. ವರ್ಷಕ್ಕೆ 200 ಗಂಟೆ ಅಂತ ಪಠ್ಯಕ್ರಮದಲ್ಲಿದೆ. ಅದರಲ್ಲಿ ಮಾತುಕತೆ, ಕಂಪ್ಯೂಟರ್ ಬಳಕೆ, ಸ್ವಂತ ಉದ್ಯೋಗದಂಥ ಪಾಠಗಳೂ ಬರುತ್ತವೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಪಠ್ಯಕ್ರಮದಲ್ಲಿ ಪೋರ್ಟ್‌ಫೋಲಿಯೊ ಅಂತ ಒಂದಿದೆ. ಮಗು ಎರಡು ವರ್ಷದಲ್ಲಿ ಏನೇನು ಮಾಡಿತು, ಎಲ್ಲಿಗೆ ಭೇಟಿ ಕೊಟ್ಟಿತು, ಯಾವ ಪ್ರಾಕ್ಟಿಕಲ್ ಮುಗಿಸಿತು ಅನ್ನೋದೆಲ್ಲ ಅದರಲ್ಲಿ ಇರಬೇಕು. ನನ್ನ ಮಕ್ಕಳು ಫೋಟೊ ಅಂಟಿಸಿ, ಚಿತ್ರ ಬಿಡಿಸಿ, ಅಷ್ಟು ಪ್ರೀತಿಯಿಂದ ಮಾಡುತ್ತಾರೆ. ಪರೀಕ್ಷೆಯ ದಿನ ಅದಕ್ಕೆ ಅಂಕ ಬೀಳುತ್ತದೆ. ಆಮೇಲೆ ಅದು ಶಾಲೆಯ ಅಲ್ಮಾರಿ ಸೇರುತ್ತದೆ. ಮಗುವಿನ ಕೈಗೆ ಹೋಗೋದು ನೀವು ನೋಡಿದ ಆ ಒಂದು ಹಾಳೆ ಮಾತ್ರ. ಮುಖ್ಯವಾದದ್ದು ಅಲ್ಮಾರಿಯಲ್ಲೇ ಉಳಿಯಿತು ಅನ್ನೋದು ನನಗೆ ಪ್ರತಿ ವರ್ಷ ಸಂಕಟ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಹೆಚ್ಚಿನವರು ಏಜೆನ್ಸಿ ಮೂಲಕ ಗುತ್ತಿಗೆಯ ಮೇಲೆ ಇರುವವರು. ಜೂನ್‌ನಲ್ಲಿ ಶಾಲೆ ಶುರುವಾದರೂ ನಮ್ಮ ಆದೇಶ ತಡವಾಗಿ ಬಂದ ವರ್ಷಗಳಿವೆ. ಆಗ ಆ 200 ಗಂಟೆ ಎಲ್ಲಿಂದ ಆಗಬೇಕು? ಸರ್ಟಿಫಿಕೇಟ್ ಮೇಲೆ ಮಾತ್ರ ಎಲ್ಲ ಮಕ್ಕಳಿಗೂ ಅದೇ ಲೆವೆಲ್ 2. ಚೆನ್ನಾಗಿ ನಡೆದ ಶಾಲೆಗೂ ಅದೇ, ಅರ್ಧ ವರ್ಷ ಪಾಠವೇ ಇಲ್ಲದ ಶಾಲೆಗೂ ಅದೇ. ಹಾಗಾದ್ರೆ ಶಾಪಿನವರು ಯಾಕೆ ನಂಬಬೇಕು ಅಂದರೆ ನನ್ನ ಹತ್ತಿರ ಉತ್ತರ ಇಲ್ಲ.

ತಿಕೋಟಾ ರೈತ (ವಿಜಯಪುರ)

ಮೇಡಂ, ನನ್ನ ಮಗಳು ಈ ವರ್ಷ ಒಂಬತ್ತನೇ ತರಗತಿ. ಶಾಲೆಯಲ್ಲಿ ಹಿಂದಿ ಬದಲು ಕಂಪ್ಯೂಟರ್ ವಿಷಯ ತಗೋ ಅಂತ ಹೇಳಿದ್ದಾರೆ. ಹಿಂದಿ ಬಿಟ್ಟರೆ ಮುಂದೆ ಪಿಯುಸಿಗೆ ತೊಂದರೆ ಆಗುತ್ತೆ ಅಂತ ಊರಲ್ಲಿ ಒಬ್ಬರು ಹೆದರಿಸಿದ್ದಾರೆ. ನಿಜಾನಾ?

ಇನ್ನೊಂದು ಕೇಳಬೇಕಿತ್ತು. ನಮ್ಮದು ದ್ರಾಕ್ಷಿ ತೋಟ. ಏಪ್ರಿಲ್ ಚಾಟ್ನಿ (ಬಳ್ಳಿ ಸವರೋದು) ಯಾಕೆ, ಅಕ್ಟೋಬರ್ ಚಾಟ್ನಿ ಯಾಕೆ, ಎಷ್ಟು ಕಣ್ಣು ಬಿಟ್ಟು ಕತ್ತರಿಸಬೇಕು ಅನ್ನೋದೆಲ್ಲ ನನ್ನ ಮಗಳಿಗೆ ಗೊತ್ತು. ಒಣದ್ರಾಕ್ಷಿ ಶೆಡ್ಡಿನ ಕೆಲಸವೂ ಗೊತ್ತು. ನಮ್ಮ ಸುತ್ತಲಿನ ಊರುಗಳಲ್ಲಿ ಇಷ್ಟೊಂದು ದ್ರಾಕ್ಷಿ ಇದೆ. ಶಾಲೆಯಲ್ಲಿ ಯಾಕೆ ತೋಟಗಾರಿಕೆ ವಿಷಯ ಇಲ್ಲ?

ವೃತ್ತಿ ಶಿಕ್ಷಕಿ (ಬಾಗಲಕೋಟೆ ಜಿಲ್ಲೆ)

ಅಣ್ಣಾ, ಹೆದರಬೇಡಿ. ಪಿಯುಸಿಯಲ್ಲಿ ಎರಡೇ ಭಾಷೆ. ಕನ್ನಡ, ಇಂಗ್ಲಿಷ್ ತಗೊಂಡು ಕಲೆ, ವಾಣಿಜ್ಯ, ವಿಜ್ಞಾನ ಯಾವುದಕ್ಕಾದರೂ ಸೇರಬಹುದು. ಈ ವಿಷಯದ ಅಂಕವೂ ಎಸ್‌ಎಸ್‌ಎಲ್‌ಸಿಯ ಒಟ್ಟು 625ರಲ್ಲೇ ಸೇರುತ್ತೆ.

ದ್ರಾಕ್ಷಿಯ ವಿಷಯ ನೀವು ಹೇಳಿದ್ದು ಸರಿಯಾಗೇ ಇದೆ. ಕೃಷಿ ಕ್ಷೇತ್ರದ ಪಠ್ಯ ದೇಶದ ಮಟ್ಟದಲ್ಲಿ ಇದೆ. ಒಂಬತ್ತು–ಹತ್ತಕ್ಕೆ ಟೊಮೆಟೊ, ಬದನೆ, ಮೆಣಸಿನಕಾಯಿ ಗುಂಪಿನ ಬೆಳೆ ಬೆಳೆಯೋದರ ಮೇಲೆ ಪುಸ್ತಕವೇ ಇದೆ. ಆದರೆ ಯಾವ ಶಾಲೆಗೆ ಯಾವ ವಿಷಯ ಅನ್ನೋದು ಮೇಲಿನಿಂದ ಹಂಚಿಕೆ ಆಗಿ ಬರುತ್ತದೆ. ಊರಿನ ಕಸುಬು ನೋಡಿ ಬರಬೇಕು ಅಂತ ಎಸ್‌ಡಿಎಂಸಿಯಿಂದ (ಪಾಲಕರಿರುವ ಶಾಲಾ ಸಮಿತಿ) ಬರೆದು ಕೊಡಿ. ಪಾಲಕರು ಕೇಳಿದರೆ ಅದಕ್ಕೆ ತೂಕ ಇರುತ್ತೆ.

ಐಟಿಐ ಮಾಸ್ತರ್ (ವಿಜಯಪುರ)

ಈ ಮಾತುಕತೆ ನೋಡಿ ಖುಷಿ ಆಯ್ತು. ಐಟಿಐ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳ್ತೀನಿ.

ನಮ್ಮಲ್ಲಿ ಸೀಟು ಕೊಡೋದು ಎಸ್‌ಎಸ್‌ಎಲ್‌ಸಿ ಅಂಕ ಮತ್ತು ಮೀಸಲಾತಿ ನೋಡಿ. ಹೈಸ್ಕೂಲಲ್ಲಿ ಎರಡು ವರ್ಷ ಆಟೊಮೊಬೈಲ್ ಓದಿ, ಸ್ಪಾನರ್ ಹಿಡಿದು ಕೈ ಪಳಗಿಸಿಕೊಂಡ ಮಗು ಮೋಟಾರ್ ಮೆಕ್ಯಾನಿಕ್ ಟ್ರೇಡಿಗೆ ಅರ್ಜಿ ಹಾಕಿದಾಗ ಆ ಎರಡು ವರ್ಷ ನನ್ನ ಲೆಕ್ಕಕ್ಕೆ ಬರೋದಿಲ್ಲ. ಸೀಟು ಸಿಕ್ಕರೂ ಮೊದಲ ದಿನದಿಂದ ಮತ್ತೆ ಫೈಲಿಂಗ್, ಮತ್ತೆ ಹ್ಯಾಕ್ಸಾ. ಬುನಾದಿ ಗಟ್ಟಿ ಆಗೋದು ಒಳ್ಳೆಯದೇ. ಆದರೆ ಮಗುವಿಗೆ ಅನಿಸೋದು ಏನು? ನಾನು ಹಿಂದಿ ಬಿಟ್ಟು ಇದನ್ನು ಕಲಿತೆ, ಅದನ್ನು ಯಾರೂ ಕೇಳಲೇ ಇಲ್ಲ ಅಂತ.

ಮುಂದಿನ ದಾರಿ ನೋಡಿ. ಎರಡು ವರ್ಷದ ಐಟಿಐ ಮುಗಿಸಿ ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟ್ ಪಡೆದವನಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶದ ಅವಕಾಶ ಇದೆ. ಡಿಪ್ಲೊಮಾ ಆದವರಿಗೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಇದೆ. ಮೇಲಿನ ಮೆಟ್ಟಿಲುಗಳು ಒಂದಕ್ಕೊಂದು ಕೂಡಿಕೊಂಡಿವೆ. ಹೈಸ್ಕೂಲಿನಿಂದ ಐಟಿಐಗೆ ಹತ್ತುವ ಮೊದಲ ಮೆಟ್ಟಿಲು ಮಾತ್ರ ಕೂಡಿಲ್ಲ. ಐಟಿಐ ಸರ್ಟಿಫಿಕೇಟ್‌ಗೆ ಬೆಲೆ ಬಂದಿರೋದು ಅದರ ಕಾಗದ ಚೆಂದ ಇದೆ ಅಂತ ಅಲ್ಲ. ಅದನ್ನು ತೋರಿಸಿದರೆ ಮುಂದಿನ ಬಾಗಿಲು ತೆರೆಯುತ್ತೆ. ರೈಲ್ವೆಯ ಟೆಕ್ನಿಷಿಯನ್ ಹುದ್ದೆಗಳ ಅರ್ಹತೆಯಲ್ಲಿ ಐಟಿಐ ಅಂತ ಬರೆದಿರುತ್ತೆ. ಅಪ್ರೆಂಟಿಸ್‌ಶಿಪ್‌ನಲ್ಲಿ ಅದಕ್ಕೆ ಜಾಗ ಇದೆ. ಹೈಸ್ಕೂಲಿನ ಲೆವೆಲ್ 2 ಕಾಗದ ತೋರಿಸಿದರೆ ಯಾವ ಬಾಗಿಲು ತೆರೆಯುತ್ತೆ ಹೇಳಿ?

ಸರ್ಕಾರದ ಕಾಗದದಲ್ಲಿ ಇದಕ್ಕೂ ಒಂದು ಉತ್ತರ ಬಂದಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆ ಕಲಿತರೆ ಒಂದು ಕ್ರೆಡಿಟ್, ಪೂರ್ತಿ ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್. ಪಾಠ, ಪ್ರಾಕ್ಟಿಕಲ್, ಕೆಲಸದ ಜಾಗದ ತರಬೇತಿ ಎಲ್ಲವನ್ನೂ ಒಂದೇ ಅಳತೆಯಲ್ಲಿ ಎಣಿಸಬೇಕು ಅಂತ ಅದರ ಉದ್ದೇಶ. ಮೇಡಂ ಹೇಳಿದ 200 ಗಂಟೆ ಅಂದರೆ ವರ್ಷಕ್ಕೆ ಆರು ಕ್ರೆಡಿಟ್‌ಗಿಂತ ಸ್ವಲ್ಪ ಜಾಸ್ತಿ. ಎರಡು ವರ್ಷಕ್ಕೆ ಹದಿಮೂರು. ಈ ಹದಿಮೂರನ್ನು ಐಟಿಐ ಪ್ರವೇಶದಲ್ಲಿ ಒಂದಿಷ್ಟು ಅಂಕವಾಗಿ ಎಣಿಸಿದರೂ ಸಾಕು, ಮಕ್ಕಳು ಈ ವಿಷಯವನ್ನು ನೋಡುವ ರೀತಿಯೇ ಬದಲಾಗುತ್ತೆ. ನನ್ನ ಪ್ರಕಾರ ನಾವು ಕೇಳಬೇಕಾದ್ದು ಇದೊಂದೇ.

ಅದೇ 2023ರಲ್ಲಿ ಎನ್‌ಎಸ್‌ಕ್ಯೂಎಫ್‌ನ ಲೆವೆಲ್‌ಗಳನ್ನೂ 10ರಿಂದ 8ಕ್ಕೆ ಇಳಿಸಿ ಹೊಸದಾಗಿ ಜೋಡಿಸಿದರು. ಹಾಗಾಗಿ ಬರೀ ಲೆವೆಲ್ ನಂಬರ್ ನೋಡಿ ಅರ್ಥ ಮಾಡಿಕೊಳ್ಳೋದು ಈಗ ಇನ್ನೂ ಕಷ್ಟ.

ನಿವೃತ್ತ ಹೆಡ್‌ಮಾಸ್ತರ್ (ಜಮಖಂಡಿ)

ಎಲ್ಲರ ಮಾತೂ ಓದಿದೆ. ನಾನು ಸ್ವಲ್ಪ ವಿರುದ್ಧವಾಗಿ ಮಾತಾಡಬೇಕಾಗಿದೆ, ಬೇಜಾರು ಮಾಡ್ಕೋಬೇಡಿ.

ಈ ವಿಷಯಗಳು ಇರೋದು ಯಾವ ಶಾಲೆಗಳಲ್ಲಿ? ಸರ್ಕಾರಿ ಶಾಲೆಗಳಲ್ಲಿ. ಅಲ್ಲಿಗೆ ಬರೋದು ಯಾರ ಮಕ್ಕಳು? ಕೂಲಿಯವರ, ನೇಕಾರರ, ಸಣ್ಣ ರೈತರ ಮಕ್ಕಳು. ಪಟ್ಟಣದ ಖಾಸಗಿ ಶಾಲೆಯ ಮಗು ಅದೇ ಹೊತ್ತಿನಲ್ಲಿ ನೀಟ್, ಜೆಇಇ ಫೌಂಡೇಶನ್ ಕ್ಲಾಸಿನಲ್ಲಿ ಕೂತಿರುತ್ತೆ. ನಾವು ಬಡವರ ಮಗುವಿಗೆ ಹದಿನಾಲ್ಕನೇ ವಯಸ್ಸಿಗೇ ಸ್ಪಾನರ್ ಕೊಟ್ಟು ನಿನ್ನ ದಾರಿ ಇದು ಅಂತ ಹೇಳಿದ ಹಾಗೆ ಆಗಬಾರದು.

ಹಿಂದೆ ಇದು ಆಗಿದೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿಯವರು ಪ್ರಾಥಮಿಕ ಶಾಲೆಯ ಹೊತ್ತನ್ನು ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲಿ ಅಂತ ಯೋಜನೆ ತಂದರು. ಇದು ಜಾತಿಯ ಕಸುಬಿಗೇ ಮಕ್ಕಳನ್ನು ಕಟ್ಟಿಹಾಕುವ ಶಿಕ್ಷಣ ಅಂತ ದೊಡ್ಡ ವಿರೋಧ ಎದ್ದಿತು. 1954ರಲ್ಲಿ ಕಾಮರಾಜ್ ಮುಖ್ಯಮಂತ್ರಿ ಆದ ಮೇಲೆ ಅದನ್ನು ಕೈಬಿಟ್ಟರು. ಆ ವಿರೋಧಕ್ಕೆ ಕಾರಣ ಇತ್ತು, ಇವತ್ತಿಗೂ ಇದೆ.

ನಮ್ಮ ರಾಜ್ಯದ ಅನುಭವವನ್ನೂ ನೋಡಿ. ಪಿಯು ಹಂತದಲ್ಲಿ ಜೆಒಸಿ ಅಂತ ವೃತ್ತಿ ಕೋರ್ಸುಗಳು 1970ರ ದಶಕದ ಕೊನೆಯಿಂದ ನಡೆದವು. ನನ್ನ ಎಷ್ಟೋ ವಿದ್ಯಾರ್ಥಿಗಳು ಅದಕ್ಕೆ ಸೇರಿದ್ದರು. ಚೆನ್ನಾಗಿ ಕಲಿತವರೂ ಇದ್ದರು. ಕೊನೆಗೆ ಕೋರ್ಸುಗಳೇ ಮುಚ್ಚಿಹೋದವು. ಮುಚ್ಚಿದ ಕೋರ್ಸಿನ ಸರ್ಟಿಫಿಕೇಟ್ ಹಿಡಿದವನು ಮುಂದೆ ಎಲ್ಲಿ ಹೋದರೂ ಇದೇನು ಅಂತ ವಿವರಿಸುತ್ತಾ ನಿಲ್ಲಬೇಕಾಯಿತು.

ಹಾಗಂತ ನಾನು ಕೈಕೆಲಸದ ವಿರೋಧಿ ಅಲ್ಲ. ಎಲ್ಲ ಮಕ್ಕಳೂ ಕಲಿಯಲಿ, ಖಾಸಗಿ ಶಾಲೆಯವರೂ ಕಲಿಯಲಿ ಅಂತೀನಿ. ಹೊಸ ಶಿಕ್ಷಣ ನೀತಿ 2020ರಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ಎಲ್ಲರಿಗೂ ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರ, ತೋಟದವರ ಹತ್ತಿರ ಹೋಗಿ ಕಲಿಯೋ ಮಾತಿದೆ. ಆ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ಬೇರೆ ಬೇರೆ ಅಭಿಪ್ರಾಯ ಇರಲಿ, ಎಲ್ಲರಿಗೂ ಅನ್ನೋ ಆ ಒಂದು ಮಾತು ನನಗೆ ಒಪ್ಪಿಗೆ.

ಇಳಕಲ್ ಮಗ್ಗ

ಗುರುಗಳೇ, ನೀವು ಹೇಳಿದ್ದು ನಮ್ಮ ಮನೆಯ ಕತೆ. ಆದರೂ ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ.

ನಮ್ಮ ಮನೆಯಲ್ಲಿ ಕೈಮಗ್ಗ ಇದೆ. ನನ್ನ ಮಗ ದಿನಾ ಶಾಲೆ ಮುಗಿಸಿ ಬಂದ ಮೇಲೆ ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತಿ ಕೊಡುತ್ತಾನೆ. ಸೀರೆಯ ಮೈಯ ಹಾಸು (ಉದ್ದಕ್ಕೆ ಹಾಸಿದ ಎಳೆಗಳು), ಸೆರಗಿನ ಹಾಸು ಬೇರೆ ಬೇರೆ ಇರುತ್ತೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು. ಇಳಕಲ್ ಸೀರೆಯ ವಿಶೇಷವೇ ಅದು. ಅವನು ಹತ್ತಿರ ಕೂತು ನೋಡಿ ನೋಡಿ ಅದನ್ನೂ ಕಲಿತಿದ್ದಾನೆ. ಅವನು ನೇಕಾರ ಆಗಲೇಬೇಕು ಅಂತ ನನಗೆ ಖಂಡಿತ ಇಲ್ಲ. ಇದರ ಕೂಲಿ ಎಷ್ಟು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೆ ಶಾಲೆಯಲ್ಲಿ ಅವನನ್ನು ಲೆಕ್ಕದಲ್ಲಿ ಹಿಂದೆ ಅಂತಾರೆ. ಸೀರೆಯ ಅಂಚಿನ ಎಳೆ ಎಣಿಸೋದು, ವಿನ್ಯಾಸಕ್ಕೆ ಎಷ್ಟು ಎಳೆ ಎತ್ತಬೇಕು ಅಂತ ಮನಸ್ಸಲ್ಲೇ ಲೆಕ್ಕ ಹಾಕೋದು, ಇದೆಲ್ಲ ಅವನಿಗೆ ಬರುತ್ತೆ. ಅದಕ್ಕೊಂದು ಕಾಗದ ಸಿಕ್ಕರೆ, ನಾನೂ ಏನೋ ಬಲ್ಲವನು ಅಂತ ಅವನಿಗೆ ಅನಿಸುತ್ತೆ. ಅದು ಸಣ್ಣ ವಿಷಯ ಅಲ್ಲ ಗುರುಗಳೇ.

ದೊಡ್ಡವರಿಗಾದರೆ ಈಗಾಗಲೇ ಗೊತ್ತಿರೋ ಕೆಲಸವನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇದೆ, ಆರ್‌ಪಿಎಲ್ ಅಂತಾರೆ. ಹೈಸ್ಕೂಲ್ ಮಕ್ಕಳಿಗೂ ಅಂಥದ್ದು ಶಾಲೆಯಲ್ಲೇ ಯಾಕೆ ಆಗಬಾರದು? ಹತ್ತನೇ ತರಗತಿ ಮುಗಿಸಿದವರಿಗೆ ಗದಗ–ಬೆಟಗೇರಿಯಲ್ಲಿ ಕೈಮಗ್ಗ ತಂತ್ರಜ್ಞಾನದ ಡಿಪ್ಲೊಮಾ ಇದೆ. ಮನೆಯಲ್ಲಿ ಕಲಿತದ್ದಕ್ಕೆ ಅಲ್ಲಿ ನಾಲ್ಕು ಅಂಕ ಜಾಸ್ತಿ ಸಿಕ್ಕರೆ ಅವನು ಮಗ್ಗದ ಕೂಲಿಯವನಾಗಿ ಉಳಿಯದೆ ತಾಂತ್ರಿಕ ಕೆಲಸಕ್ಕೆ ಹೋಗಬಹುದು.

ನಿವೃತ್ತ ಹೆಡ್‌ಮಾಸ್ತರ್ (ಜಮಖಂಡಿ)

ತಂಗೀ, ನೀನು ಹೇಳಿದ ರೀತಿಯಲ್ಲಿ ನಾನು ಯೋಚನೆ ಮಾಡಿರಲಿಲ್ಲ. ಆ ಸರ್ಟಿಫಿಕೇಟ್ ಮಗುವನ್ನು ಮಗ್ಗದಿಂದ ಮುಂದಕ್ಕೆ ಕರೆದುಕೊಂಡು ಹೋಗುತ್ತೆ ಅಂದರೆ ನನ್ನ ತಕರಾರು ಇಲ್ಲ. ಒಂದು ಷರತ್ತು ಮಾತ್ರ: ಗಣಿತ, ವಿಜ್ಞಾನ, ಇಂಗ್ಲಿಷ್ ಒಂದು ಪೀರಿಯಡ್ ಕೂಡ ಕಡಿಮೆ ಆಗಬಾರದು.

ಆಟೊಮೊಬೈಲ್ ಹುಡುಗಿ

ನಾನು ಪ್ರಥಮ ಪಿಯುಸಿ ಸೈನ್ಸ್ ವಿದ್ಯಾರ್ಥಿನಿ. ಹತ್ತನೇ ತರಗತಿವರೆಗೆ ಬೆಳಗಾವಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಆಟೊಮೊಬೈಲ್ ಓದಿದೆ. ನಮ್ಮ ಬ್ಯಾಚಿನಲ್ಲಿ ಹುಡುಗಿಯರೂ ಇದ್ದೆವು.

ಒಂಬತ್ತನೇ ತರಗತಿಯಲ್ಲಿ ಟೂಲ್ಸ್ ಎಲ್ಲ ಪೆಟ್ಟಿಗೆಯಲ್ಲೇ ಇದ್ದವು. ಕಳೆದುಹೋದರೆ ಯಾರು ಜವಾಬ್ದಾರಿ ಅಂತ ರೂಮಿಗೆ ಬೀಗ ಹಾಕಿರುತ್ತಿದ್ದರು. ಹತ್ತನೇ ತರಗತಿಗೆ ಹೊಸ ಸರ್ ಬಂದು ಬೀಗ ತೆಗೆಸಿದರು. ಅವರೇ ಸ್ಟಾಕ್ ರಿಜಿಸ್ಟರ್ ಬರೆದು ಪ್ರತಿ ಕ್ಲಾಸ್ ಆದ ಮೇಲೆ ನಮ್ಮಿಂದಲೇ ಎಣಿಸಿ ಇಡಿಸುತ್ತಿದ್ದರು. ಬೈಕಿನ ಚೈನ್ ಟೈಟ್ ಮಾಡೋದು, ಸ್ಪಾರ್ಕ್ ಪ್ಲಗ್ ತೆಗೆದು ಗ್ಯಾಪ್ ನೋಡೋದು, ಆಯಿಲ್ ಬದಲಿಸೋದು ಆ ವರ್ಷವೇ ಕಲಿತೆ. ಈಗ ಫಿಸಿಕ್ಸ್‌ನಲ್ಲಿ ಟಾರ್ಕ್ ಅಂದಾಗ ನನಗೆ ಸ್ಪಾನರ್ ನೆನಪಾಗುತ್ತೆ, ಬೇಗ ಅರ್ಥ ಆಗುತ್ತೆ. ವರ್ನಿಯರ್ ಪ್ರಾಕ್ಟಿಕಲ್ ನಮ್ಮ ಲ್ಯಾಬಿನಲ್ಲಿ ನಾನೇ ಬೇರೆಯವರಿಗೆ ಹೇಳಿಕೊಟ್ಟೆ.

ಹೆಡ್‌ಮಾಸ್ತರ್ ಸರ್, ಈ ವಿಷಯ ತಗೊಂಡವರು ಸೈನ್ಸ್ ಓದಲ್ಲ ಅಂತ ಅಲ್ಲ. ಆದರೆ ಪಿಯು ಕಾಲೇಜಿನಲ್ಲಿ ಅಡ್ಮಿಷನ್ ಮಾಡುವಾಗ ಮಾರ್ಕ್ಸ್ ಕಾರ್ಡ್ ನೋಡಿ "ಇದೇನಮ್ಮಾ, ಹಿಂದಿ ಎಲ್ಲಿ?" ಅಂತ ಕೇಳಿದರು. ಸಾಲಿನಲ್ಲಿ ನಿಂತವರ ಎದುರಿಗೆ ನಾನು ವಿವರಿಸಬೇಕಾಯಿತು. ಅವರಿಗೇ ಗೊತ್ತಿರಬೇಕಿತ್ತು ಅಲ್ವಾ?

ಗೋಕಾಕದಿಂದ ವರ್ಜೀನಿಯಾ

ನಮ್ಮ ಊರು ಗೋಕಾಕ. ಈಗ ಅಮೆರಿಕದ ವರ್ಜೀನಿಯಾದಲ್ಲಿದ್ದೇನೆ. ಮಗ ಇಲ್ಲಿನ ಹೈಸ್ಕೂಲ್. ಇಲ್ಲಿ ಹೇಗೆ ಮಾಡುತ್ತಾರೆ ಅಂತ ಹೇಳಿದರೆ ಚರ್ಚೆಗೆ ಉಪಯೋಗ ಆಗಬಹುದು.

ಇಲ್ಲಿ ವೃತ್ತಿ–ತಾಂತ್ರಿಕ ಶಿಕ್ಷಣ ಮಾಮೂಲಿ ಹೈಸ್ಕೂಲಿನ ಭಾಗ. ಕೇಂದ್ರದ ಹಣ ಬರೋದು ಪರ್ಕಿನ್ಸ್ ಕಾಯ್ದೆಯಿಂದ. ಅದು 1984ರದ್ದು, 2018ರಲ್ಲಿ ಮತ್ತೆ ಹೊಸದಾಗಿ ಬರೆದಿದ್ದಾರೆ. ವರ್ಜೀನಿಯಾ ರಾಜ್ಯದಲ್ಲಿ 2013ರಲ್ಲಿ ಒಂಬತ್ತನೇ ತರಗತಿ ಸೇರಿದ ಮಕ್ಕಳಿಂದ ಶುರುವಾಗಿ, ಸ್ಟ್ಯಾಂಡರ್ಡ್ ಡಿಪ್ಲೊಮಾ (ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ) ಬೇಕಾದರೆ ಒಂದು ವೃತ್ತಿ ಪ್ರಮಾಣಪತ್ರವನ್ನೂ ಪಡೆಯಬೇಕು ಅಂತ ನಿಯಮ ಮಾಡಿದರು. 2018ರಲ್ಲಿ ಸೇರಿದವರಿಂದ ಈಚೆಗೆ ಅದು ಕೆಲವು ಆಯ್ಕೆಗಳಲ್ಲಿ ಒಂದು.

ನನಗೆ ಹಿಡಿಸಿದ್ದು ನರ್ಸ್ ಏಡ್, ಅಂದರೆ ನರ್ಸ್‌ಗಳ ಸಹಾಯಕರ ಕೋರ್ಸ್. ಹೈಸ್ಕೂಲ್ ಮಕ್ಕಳೂ ಇದನ್ನು ಮಾಡಬಹುದು. ಕನಿಷ್ಠ 75 ಗಂಟೆ ತರಬೇತಿ ಆಗಬೇಕು, ಅದರಲ್ಲಿ 16 ಗಂಟೆಯಾದರೂ ಮೇಲ್ವಿಚಾರಣೆಯಲ್ಲಿ ಮಾಡಿದ ಪ್ರಾಯೋಗಿಕ ಕೆಲಸ ಇರಬೇಕು ಅಂತ ಇಡೀ ದೇಶಕ್ಕೆ ನಿಯಮ. ಆಮೇಲೆ ಪರೀಕ್ಷೆ. ಪಾಸಾದವರ ಹೆಸರು ರಾಜ್ಯದ ರಿಜಿಸ್ಟರ್‌ನಲ್ಲಿ ಬರುತ್ತೆ. ಕೆಲಸ ಕೊಡುವವರು ಆ ರಿಜಿಸ್ಟರ್ ನೋಡಿಯೇ ತಗೋಬೇಕು. ಅಂದರೆ ಕಾಗದ ಅಸಲಿಯೋ ನಕಲಿಯೋ ಅನ್ನೋ ಪ್ರಶ್ನೆ ಬರೋದಿಲ್ಲ. ಕಟ್ಟಡ, ಕಾರ್ಖಾನೆ ಕೆಲಸ ಕಲಿಯೋ ಮಕ್ಕಳಿಗೆ ಹತ್ತು ಗಂಟೆಯ ಸುರಕ್ಷತಾ ತರಬೇತಿ ಕೊಟ್ಟು ಓಶಾ (ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ) ಕಾರ್ಡ್ ಕೊಡುತ್ತಾರೆ. ಸಣ್ಣ ಕಾರ್ಡ್. ಆದರೆ ಸೈಟಿನಲ್ಲಿ ಅದನ್ನು ಕೇಳುತ್ತಾರೆ.

ಇಲ್ಲೂ ಎಲ್ಲ ಚೆನ್ನಾಗಿಲ್ಲ. ಶಾಲೆಗಳು ಲೆಕ್ಕ ತುಂಬಿಸಲು ಸುಲಭದ ಪರೀಕ್ಷೆ ಕೊಡಿಸಿ ಮುಗಿಸುವುದೂ ಇದೆ. ಅಂಥ ಸರ್ಟಿಫಿಕೇಟ್ ಯಾವ ಕಂಪನಿಯವರೂ ಕೇಳೋದಿಲ್ಲ. ಹಾಗಾಗಿ ಎಷ್ಟು ಮಕ್ಕಳಿಗೆ ಕೊಟ್ಟಿರಿ ಅನ್ನೋದಕ್ಕಿಂತ ಅದನ್ನು ಯಾರು ಕೇಳುತ್ತಾರೆ ಅನ್ನೋದೇ ಮುಖ್ಯ.

ಉದ್ಯಮಬಾಗ್ ಲೇತ್ (ಬೆಳಗಾವಿ)

ಎಲ್ಲರಿಗೂ ಧನ್ಯವಾದ. ಇಷ್ಟು ವಿಷಯ ಸಿಗುತ್ತೆ ಅಂದುಕೊಂಡಿರಲಿಲ್ಲ.

ಐಟಿಐ ಮಾಸ್ತರ್ ಹೇಳಿದ ಕ್ರೆಡಿಟ್ ವಿಷಯ ಸರ್ಕಾರದಿಂದ ಆಗಬೇಕಾದ್ದು. ಅದನ್ನು ಬಿಡದೆ ಕೇಳೋಣ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕೌಶಲ್ಯ ಸಮಿತಿಗೆ ನಮ್ಮ ಉದ್ಯಮಿಗಳ ಕಡೆಯಿಂದ ಮನವಿ ಕೊಡಲು ನಾನು ತಯಾರಿದ್ದೇನೆ. ಆದರೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಆ ಸರ್ಟಿಫಿಕೇಟ್ ಜೊತೆ ಇನ್ನೊಂದು ಹಾಳೆ ಇರಲಿ. ಒಂದೇ ಹಾಳೆ, ಕನ್ನಡದಲ್ಲಿ. ಲೆವೆಲ್ ಬೇಡ, ಗ್ರೇಡ್ ಬೇಡ. ಈ ಮಗುವಿಗೆ ಏನು ಮಾಡಲು ಬರುತ್ತೆ ಅಂತ ಸಾಲು ಸಾಲಾಗಿ ಇರಲಿ. ವರ್ನಿಯರ್ ಓದುತ್ತಾನೆ. ಸಾದಾ ಡ್ರಾಯಿಂಗ್ ನೋಡಿ ಅಳತೆ ಹೇಳುತ್ತಾನೆ. ಗ್ರೈಂಡರ್ ಮುಂದೆ ನಿಲ್ಲುವ ಮೊದಲು ಕನ್ನಡಕ ಹಾಕಿಕೊಳ್ಳಬೇಕು ಅಂತ ಗೊತ್ತು. ಪ್ರತಿ ಸಾಲಿನ ಎದುರಿಗೆ ನೋಡಿದ ತಾರೀಖು, ನೋಡಿದವರ ಸಹಿ. ಸಹಿಯಲ್ಲಿ ಒಂದು ಶಿಕ್ಷಕರದ್ದು, ಇನ್ನೊಂದು ಹೊರಗಿನ ಕೆಲಸಗಾರರದ್ದು. ನನ್ನ ಕೈಗೆ ಅಂಥ ಹಾಳೆ ಬಂದರೆ ಹುಡುಗನನ್ನು ಹೆಲ್ಪರ್ ಅಂತ ತಗೊಳ್ಳೋದಿಲ್ಲ, ಟ್ರೈನಿ ಆಪರೇಟರ್ ಅಂತ ತಗೋತೀನಿ. ಸಂಬಳದಲ್ಲೂ ಅದು ಕಾಣುತ್ತೆ.

ಪರೀಕ್ಷೆ ಮಾಡಲು ದುಡ್ಡೂ ಜಾಸ್ತಿ ಬೇಡ. ಹಳೆಯ 6203 ಬೇರಿಂಗ್ ಯಾವ ಗ್ಯಾರೇಜಿನಲ್ಲೂ ಸಿಗುತ್ತೆ. ಆ ನಂಬರಿನ ಬೇರಿಂಗ್ ಅಳತೆ ಎಲ್ಲ ಕಡೆ ಒಂದೇ: ಒಳಗೆ 17, ಹೊರಗೆ 40, ಅಗಲ 12 ಮಿಲಿಮೀಟರ್. ಅಳೆದದ್ದು ಸರಿಯಾ ತಪ್ಪಾ ಅಂತ ಮಗುವೇ ನೋಡಿಕೊಳ್ಳಬಹುದು.

ವಯಸ್ಸಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಫೌಂಡ್ರಿ ಕೆಲಸ ಕಾನೂನಿನ ಅಪಾಯಕಾರಿ ಪಟ್ಟಿಯಲ್ಲಿದೆ. 18 ತುಂಬದವರನ್ನು ಅಲ್ಲಿ ಕೆಲಸಕ್ಕೆ ಹಚ್ಚುವ ಹಾಗಿಲ್ಲ. ತರಬೇತಿ ಹೆಸರಿನಲ್ಲಿ ಶಾಲೆಯ ಮಕ್ಕಳನ್ನು ಕರೆದು ಪುಕ್ಕಟೆ ದುಡಿಸಿಕೊಳ್ಳೋ ಜನ ನಮ್ಮಲ್ಲೂ ಇದ್ದಾರೆ. ಅದಕ್ಕೆ ಮಕ್ಕಳು ನಮ್ಮ ಹತ್ತಿರ ಬರೋದಕ್ಕಿಂತ ನಾವೇ ಶಾಲೆಗೆ ಹೋಗೋದು ಒಳ್ಳೆಯದು.

ಐಟಿಐ ಮಾಸ್ತರ್ (ವಿಜಯಪುರ)

ಹಾಳೆಯ ಯೋಚನೆ ಚೆನ್ನಾಗಿದೆ. ನನ್ನ ಹತ್ತಿರ ಅಂಥ ಹಾಳೆ ತಂದ ಮಗುವಿಗೆ ಸೀಟಿನಲ್ಲಿ ಲಾಭ ಕೊಡೋಕೆ ಆಗಲ್ಲ, ಅದು ನನ್ನ ಕೈಯಲ್ಲಿಲ್ಲ. ಆದರೆ ಕ್ಲಾಸಿನಲ್ಲಿ ಅವನನ್ನು ಗುಂಪಿನ ಲೀಡರ್ ಮಾಡಬಹುದು, ಅಭ್ಯಾಸದ ಮುಂದಿನ ಜಾಬ್ ಬೇಗ ಕೊಡಬಹುದು. ಸಹಿ ಹಾಕಲು ಕರೆದರೆ ಬರ್ತೀನಿ.

ಬೆಳಗಾವಿ ಕಡೆಯವರಿಗೆ ಇನ್ನೊಂದು ಮಾತು. ಉದ್ಯಮಬಾಗದಲ್ಲೇ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ, ಜಿಟಿಟಿಸಿ ಇದೆ. ಎಸ್‌ಎಸ್‌ಎಲ್‌ಸಿ ನಂತರ ಟೂಲ್ ಅಂಡ್ ಡೈ ಡಿಪ್ಲೊಮಾ, ಮೂರು ವರ್ಷ ಓದು, ಒಂದು ವರ್ಷ ಕಂಪನಿಯಲ್ಲಿ ತರಬೇತಿ. ಹೈಸ್ಕೂಲಿನಲ್ಲಿ ಈ ಕೆಲಸದ ರುಚಿ ಹತ್ತಿದ ಮಕ್ಕಳಿಗೆ ಆ ದಾರಿ ಇದೆ ಅಂತ ಯಾರೂ ಹೇಳೋದೇ ಇಲ್ಲ. ದಯವಿಟ್ಟು ಹೇಳಿ.

ತಿಕೋಟಾ ರೈತ (ವಿಜಯಪುರ)

ಎಸ್‌ಡಿಎಂಸಿ ಸಭೆಯಲ್ಲಿ ತೋಟಗಾರಿಕೆ ವಿಷಯ ಎತ್ತಿದೆ. ಬರೆದು ಕೊಡೋಣ ಅಂತ ಒಪ್ಪಿದ್ದಾರೆ. ಮಗಳು ಸದ್ಯಕ್ಕೆ ಕಂಪ್ಯೂಟರ್ ವಿಷಯವನ್ನೇ ತಗೊಂಡಿದ್ದಾಳೆ.

ವೃತ್ತಿ ಶಿಕ್ಷಕಿ (ಬಾಗಲಕೋಟೆ ಜಿಲ್ಲೆ)

ಒಳ್ಳೆಯ ಸುದ್ದಿ ಅಣ್ಣಾ. ಲೇತ್ ಸರ್, ನಿಮ್ಮ ಹಾಳೆಗೆ ಹೊಸ ಆದೇಶ ಬೇಕಾಗಿಲ್ಲ. ಪೋರ್ಟ್‌ಫೋಲಿಯೊದ ಮೊದಲ ಪುಟ ಅಂತ ಮಾಡಿದರೆ ಆಯ್ತು. ಹೆಡ್‌ಮಾಸ್ತರ್ ಸಹಿ, ಶಾಲೆಯ ಸೀಲು ಬಿದ್ದರೆ ಮಗುವಿನ ಕೈಗೆ ಕೊಡಬಹುದು. ಅತಿಥಿ ಉಪನ್ಯಾಸ ಅಂತ ಹೊರಗಿನವರನ್ನು ಕರೆಯಲು ಯೋಜನೆಯಲ್ಲೇ ಅವಕಾಶ ಇದೆ. ನಮ್ಮ ಹೆಡ್‌ಮಾಸ್ತರ್ ಹತ್ತಿರ ಮಾತಾಡಿದ್ದೇನೆ, ಒಪ್ಪಿದ್ದಾರೆ. ದೀಪಾವಳಿ ಆದ ಮೇಲೆ ಒಂದು ಶನಿವಾರ ಇಟ್ಟುಕೊಳ್ಳೋಣ. ನಮೂನೆ ತಯಾರು ಮಾಡಿ ಇಲ್ಲೇ ಹಾಕ್ತೀನಿ. ಬೇರೆ ಶಾಲೆಯವರೂ ಬಳಸಲಿ.

ಇಳಕಲ್ ಮಗ್ಗ

ಮೇಡಂ, ನೇಕಾರಿಕೆಗೂ ಅಂಥದ್ದೇ ಒಂದು ಹಾಳೆ ಮಾಡಿ ಕೊಡ್ತೀರಾ? ಸಾಲುಗಳನ್ನು ನಾನೇ ಬರೆದಿದ್ದೇನೆ. ಕಂಡಿಕೆ ಸುತ್ತೋದು. ಕಡಿದ ಎಳೆ ಗಂಟು ಕಾಣದ ಹಾಗೆ ಸೇರಿಸೋದು. ಕೊಂಡಿ ಹಾಕೋದು. ಅಂಚಿನ ಎಳೆ ಎಣಿಸೋದು. ಒಂದು ಸೀರೆಗೆ ಎಷ್ಟು ನೂಲು ಬೇಕು ಅಂತ ಲೆಕ್ಕ ಹೇಳೋದು. ಹೊರಗಿನ ಕೆಲಸಗಾರರ ಸಹಿ ಅಂದಿರಲ್ಲ, ನಮ್ಮ ಅತ್ತೆ ಹಾಕಬಹುದಾ? ಅವರು ಚಿಕ್ಕಂದಿನಿಂದ ಮಗ್ಗದ ಮೇಲಿದ್ದಾರೆ.

ವೃತ್ತಿ ಶಿಕ್ಷಕಿ (ಬಾಗಲಕೋಟೆ ಜಿಲ್ಲೆ)

ಖಂಡಿತ ಹಾಕಬಹುದು ಅಕ್ಕಾ, ಅವರಿಗಿಂತ ಯಾರು ಬೇಕು? ನಿಮ್ಮ ಮಗನ ಹಾಳೆಗೆ ಮಾತ್ರ ಬೇಡ. ಅದಕ್ಕೆ ಬೇರೆ ಮನೆಯ ನೇಕಾರರನ್ನು ಕೇಳೋಣ. ಅತ್ತೆಯವರು ಉಳಿದ ಮಕ್ಕಳದ್ದು ನೋಡಲಿ.